ವಾರಗಿತ್ತಿಯ ಎಡಗೈ

ಕಟಕಟ, ಕಟಕಟ, ಕಟಕಟ.

ಸೀಮೆಎಣ್ಣೆ ಸ್ಟವ್ವಿನ ಮೇಲೆ, ಸ್ಟೀಲಿನ ಸ್ಟೆರಿಲೈಸರ್ ಒಳಗೆ, ಗಾಜಿನ ಸಿರಿಂಜುಗಳು ಕುದಿಯುವ ಸದ್ದು ಅದು. ಈಗಿನ ನರ್ಸ್ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ. ಅವರದು ಕವರು ಹರಿದು, ಚುಚ್ಚಿ, ಬಿಸಾಡುವ ಕಾಲ. ನಮ್ಮವು ಕುದಿನೀರಿನಲ್ಲಿ ಒಂದಕ್ಕೊಂದು ತಾಗಿಕೊಂಡು, ಚಳಿಗೆ ಹಲ್ಲು ಕಡಿಯುವವರ ಹಾಗೆ ಸದ್ದು ಮಾಡುತ್ತಿದ್ದವು. ಇವತ್ತಿಗೂ ಒಲೆಯ ಮೇಲೆ ಮೊಟ್ಟೆ ಬೇಯಲು ಇಟ್ಟು, ಅವು ಪಾತ್ರೆಯ ತಳಕ್ಕೆ ತಾಗಿ ಕಟಕಟ ಅಂದರೆ ಸಾಕು, ನನಗೆ ಅಜ್ಜಂಪುರದ ಆಚೆಯ ಆ ಗುಡ್ಡ ನೆನಪಾಗುತ್ತದೆ. ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬರುತ್ತದೆ. ಆಮೇಲೆ ಪಂಚನಹಳ್ಳಿ ಕಡೆಯ ಇಬ್ಬರು ಹೆಂಗಸರು ಬರುತ್ತಾರೆ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ.

ಎಂಬತ್ತರ ದಶಕದ ಶುರುವಿನ ಮಾತು. ನಾನಾಗ ತರೀಕೆರೆ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್. ಅಜ್ಜಂಪುರ ಆಗ ನಮ್ಮ ತಾಲ್ಲೂಕಿಗೇ ಸೇರಿತ್ತು. ಅಲ್ಲಿಂದ ಸ್ವಲ್ಪ ದೂರದ ಒಂದು ಗುಡ್ಡದ ಮೇಲೆ ಹಿಂದಿನ ಕಾಲದ ಸ್ವಾಮಿಗಳೊಬ್ಬರ ಗದ್ದುಗೆ. ಬೇಸಗೆ ಮುಗಿಯುವ ಹೊತ್ತಿಗೆ, ಮಳೆ ಬಿದ್ದು ಆರಂಬ ಶುರುವಾಗುವ ಮುಂಚೆ, ಅಲ್ಲಿಗೆ ಜನ ನಡೆದು ಬರುತ್ತಿದ್ದರು. ಕಡೂರು, ದೇವನೂರು, ಪಂಚನಹಳ್ಳಿ, ಎಮ್ಮೆದೊಡ್ಡಿ ಕಾವಲಿನ ಆಚೀಚೆಯ ಊರುಗಳಿಂದೆಲ್ಲ ಬುತ್ತಿ ಕಟ್ಟಿಕೊಂಡು, ಬರಿಗಾಲಲ್ಲಿ. ತೇರು ಗೀರು ಏನೂ ಇಲ್ಲ. ಗದ್ದುಗೆಗೆ ಹಣೆ ಮುಟ್ಟಿಸಿ, ಮಠದ ದಾಸೋಹದಲ್ಲಿ ಒಂದು ಹೊತ್ತು ಉಂಡು ವಾಪಸು ಹೋಗುವುದು. ಅಷ್ಟಕ್ಕೇ ಅಷ್ಟೊಂದು ಜನ ಯಾಕೆ ಬರುತ್ತಾರೆ ಅಂತ ಕಾನ್ವೆಂಟಿನಲ್ಲಿ ಓದಿ ಬಂದಿದ್ದ ನನಗೆ ಮೊದಲ ವರ್ಷ ಅರ್ಥವೇ ಆಗಿರಲಿಲ್ಲ.

ಅಷ್ಟು ಜನ ಸೇರುವ ಕಡೆ ನಮಗಿದ್ದ ಹೆದರಿಕೆ ಒಂದೇ, ವಾಂತಿಭೇದಿ. ಆದ್ದರಿಂದ ಜನ ಬರುವ ಮುಂಚೆಯೇ ನಮ್ಮ ಜೀಪು ಹೋಗಬೇಕು. ಗುಡ್ಡದ ಬುಡದಲ್ಲಿ ಡೇರೆ ಹೊಡೆದು, ಮಧ್ಯೆ ತೂತು ಮಾಡಿದ ಟಾರ್ಪಾಲಿನ್ ಮಂಚಗಳನ್ನು ಸಾಲಾಗಿ ಹಾಕಿ, ಪ್ರತಿ ತೂತಿನ ಕೆಳಗೆ ಒಂದು ಬಕೆಟ್ ಇಡಬೇಕು. ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಕಲಸಿ ಬಿಡಬೇಕು. ಸುಮ್ಮನೆ ಮೇಲಿಂದ ಎರಚಿದರೆ ಆಗುವುದಿಲ್ಲ, ಬಕೆಟ್ಟಿನಲ್ಲಿ ಗಟ್ಟಿಯಾಗಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ನೀರಿನೊಳಗೆ ಇಳಿಸಿ ಕುಲುಕಬೇಕು. ಆಮೇಲೆ ಒಂದು ಗಾಜಿನ ನಳಿಗೆಯಲ್ಲಿ ಆ ನೀರು ಹಿಡಿದು ಔಷಧಿ ತೊಟ್ಟು ಬಿಟ್ಟು ನೋಡುವುದು. ಹಳದಿ ಬಂದರೆ ಸರಿ. ಬರದಿದ್ದರೆ ಮೊದಲಿಂದ ಮಾಡು. ಗುಡ್ಡಕ್ಕೆ ತಿರುಗುವ ದಾರಿಯಲ್ಲಿ ಬಿದಿರಿನ ತಡೆ ಕಟ್ಟಿ ಕಾಲರಾ ಸೂಜಿಮದ್ದಿನ ಗೇಟು. ಆ ಲಸಿಕೆಯ ಬಲ ಎಷ್ಟು ಅನ್ನುವುದರ ಬಗ್ಗೆ, ಫ್ರಾಂಕ್ಲಿ, ನಮಗೇ ಅನುಮಾನವಿತ್ತು. ಆದರೆ ಮೇಲಿನಿಂದ ಆರ್ಡರ್. ಸೂಜಿ ಹಾಕಿಸಿಕೊಳ್ಳದೆ ಯಾರೂ ಗುಡ್ಡ ಹತ್ತುವ ಹಾಗಿಲ್ಲ.

ಆ ವರ್ಷ ನಮ್ಮ ಜೊತೆ ಹೊಸದಾಗಿ ಒಂದು ಪೆಟ್ಟಿಗೆ ಬಂದಿತ್ತು, ಓಆರ್‌ಎಸ್ ಪೊಟ್ಟಣಗಳು. ಕುದಿಸಿ ಆರಿಸಿದ ನೀರಿಗೆ ಬೆರೆಸಿ ಕುಡಿಸುವ ಉಪ್ಪು ಸಕ್ಕರೆಯ ಪುಡಿ. ಪೊಟ್ಟಣ ಮುಗಿದರೆ ಉಪ್ಪು ಸಕ್ಕರೆ ನೀವೇ ಬೆರೆಸಿ ಅಂತ ಸ್ವಯಂಸೇವಕರಿಗೆ ಹೇಳಿಕೊಟ್ಟಿದ್ದೆ. “ನಾಲಿಗೆಗೆ ಹಚ್ಚಿ ನೋಡ್ರಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ, ಬೇರೆ ಮಾಡಿ.” ನಮ್ಮ ಹೆಲ್ತ್ ಇನ್ಸ್‌ಪೆಕ್ಟರ್ ಅದನ್ನು ಕೇಳಿ, “ಮೇಡಂ, ಕಣ್ಣೀರಿನ ರುಚಿ ಮದುವೆಯಾದೋರಿಗೆ ಮಾತ್ರ ಗೊತ್ತು, ಈ ಹುಡುಗ್ರಿಗೆ ಹೆಂಗೆ ಗೊತ್ತಾಗ್ತದೆ” ಅಂದ. ದಪ್ಪ ಮೀಸೆಯ, ದೊಡ್ಡ ಗಂಟಲಿನ ಮನುಷ್ಯ. ಹುಣಿಸೆಮರಕ್ಕೆ ಕಟ್ಟಿದ ಲೌಡ್‌ಸ್ಪೀಕರಿನ ಮೈಕು ಅವನ ಕೈಯಲ್ಲೇ ಇರುತ್ತಿತ್ತು. “ಭಕ್ತಾದಿಗಳಲ್ಲಿ ವಿನಂತಿ! ಸೂಜಿಮದ್ದು ಕಡ್ಡಾಯ! ಎಡತೋಳಿನ ಬಟ್ಟೆ ಮೇಲೆತ್ತಿ ಸಾಲಿನಲ್ಲಿ ಬನ್ನಿ!” ಬೆಳಗಿನಿಂದ ಅದೇ.

ಜನ ಬರತೊಡಗಿದ ಮಾರನೆಯ ಬೆಳಿಗ್ಗೆ ವಾಂತಿಭೇದಿ ಶುರುವಾಯಿತು. ದಾರಿಯ ಒಂದು ಕೆರೆಯ ತಳದ ನೀರು ಕುಡಿದು ಬಂದವರು. ಡೇರೆ ಅರ್ಧ ತುಂಬಿತು. ನಮ್ಮ ಹತ್ತಿರ ಸಲೈನ್ ಬಾಟಲಿ, ಆಗ ಅವೂ ಗಾಜಿನವೇ, ಕಡಿಮೆ ಇದ್ದವು. ಚಿಕ್ಕಮಗಳೂರಿನಿಂದ ವ್ಯಾನು ಹೊರಟಿದೆ ಅಂತ ಸುದ್ದಿ ಬಂತು. ಆಮೇಲೆ ಅದು ದಾರಿಯಲ್ಲಿ ಕೆಟ್ಟು ನಿಂತಿದೆ ಅಂತಲೂ ಬಂತು.

ಅಷ್ಟರಲ್ಲಿ ದೇವನೂರು ಕಡೆಯ ಗಾಡಿಯವರು ಒಬ್ಬ ಮುದುಕಿಯನ್ನು ತಂದು ಇಳಿಸಿದರು. “ಲಂಟಾನ ಪೊದೆ ಹಿಂದ್ಗಡೆ ಬಿದ್ದಿತ್ತು ಕಣ್ರವ್ವ. ನಮ್ಮೂರ ಅಜ್ಜಿ ಅಲ್ಲ. ಉಸ್ರು ಇತ್ತು, ಎತ್ಕಂಡ್ ಬಂದ್ವಿ” ಅಂದು, ಕಣ್ಣೊರೆಸಿಕೊಂಡು, ಗಾಡಿ ತಿರುಗಿಸಿದರು.

ಕಣ್ಣು ಒಳಕ್ಕೆ ಹೋಗಿತ್ತು. ಬೆರಳ ತುದಿ, ಬಟ್ಟೆ ಒಗೆದು ನೆನೆದವರ ಬೆರಳಿನ ಹಾಗೆ ಸುಕ್ಕು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತಿತು. ಪಲ್ಸ್ ದಾರದಷ್ಟು ಸಣ್ಣ. ನರ ಸಿಗಲಿಲ್ಲ. ಕಡೆಗೆ ಕಾಲಿನ ಹತ್ತಿರ ಚರ್ಮ ಸ್ವಲ್ಪ ಕೊಯ್ದು, ನರ ಎತ್ತಿ ಸೂಜಿ ಹಾಕಿದೆ. ಒಂದು ಬಾಟಲಿ ವೇಗವಾಗಿ ಓಡಿತು. ಇನ್ನೊಂದು ಅರ್ಧವಾಗುವಾಗ ಅಜ್ಜಿ ಕಣ್ಣು ಬಿಟ್ಟು ಮೇಲೆ ನೇತಾಡುತ್ತಿದ್ದ ಬಾಟಲಿ ನೋಡಿದರು. ಈ ಕಾಯಿಲೆಯಲ್ಲಿ ಗಂಟಲು ಒಣಗಿ ಸ್ವರ ಹೋಗಿಬಿಡುತ್ತದೆ. ನಾನು ಬಾಗಿ ಕಿವಿಯಿಟ್ಟು ಕೇಳಬೇಕಾಯಿತು.

“ಅದೇನವ್ವ?”

“ಔಷಧಿ ಅಜ್ಜಿ.”

“ನೀರಿದ್ದಂಗೈತೆ?”

ಸುಳ್ಳು ಹೇಳಬಹುದಿತ್ತು. “ನೀರೇ. ಉಪ್ಪು ಹಾಕಿದ ನೀರು” ಅಂದೆ.

ಅಜ್ಜಿಯ ಕಣ್ಣು ಬಾಟಲಿಯಿಂದ ನಳಿಗೆ ಹಿಡಿದು ಕಾಲಿನ ತನಕ ಇಳಿಯಿತು. “ಬಾಯಿಗೆ ಹೋಗಲ್ವಲ್ಲ?”

“ಇಲ್ಲ. ನರಕ್ಕೆ ಹೋಗ್ತದೆ.”

“ಹಂಗಾದ್ರೆ ನಾನೇನು ಕುಡೀಲಿಲ್ಲ. ನೀನು ಚುಚ್ದೆ. ಅದು ನಿಂದು ಪಾಪ, ನಂದಲ್ಲ” ಅಂದು ಕಣ್ಣು ಮುಚ್ಚಿದರು.

ನನಗೆ ಅರ್ಥವಾಗಲಿಲ್ಲ. ನಾಲಿಗೆ ಒದ್ದೆಯಾಗಲಿ ಅಂತ ನಮ್ಮ ಡೇರೆಯ ನರ್ಸಮ್ಮ ಲೋಟದಲ್ಲಿ ಓಆರ್‌ಎಸ್ ತಂದು ತುಟಿಗೆ ಹಿಡಿದಾಗ ಅರ್ಥವಾಯಿತು. ಅಜ್ಜಿ ಹಲ್ಲು ಕಚ್ಚಿಕೊಂಡರು. ಚಮಚದಲ್ಲಿ ಹಾಕಲು ನೋಡಿದರೆ ಮುಖ ತಿರುಗಿಸಿದರು. ಕೈ ಮೆಲ್ಲಗೆ ಕೊರಳ ಹತ್ತಿರ ಹೋಗಿ, ಏನನ್ನೋ ಹುಡುಕಿ, ಖಾಲಿ ಇಳಿಯಿತು.

ನರ್ಸಮ್ಮನೂ ಅಜ್ಜಿಯ ಹಾಗೇ ಲಿಂಗವಂತರು. ಅವರಿಗೆ ತಕ್ಷಣ ಹೊಳೆಯಿತು. “ಅಜ್ಜಿ, ಲಿಂಗ ಎಲ್ಲಿ?”

ಒಂದೊಂದೇ ಮಾತಾಗಿ ಹೊರಗೆ ಬಂತು. ಬೆಳಗಾಗುವಾಗ ದಾರಿಯಲ್ಲಿ ಭೇದಿ ಹತ್ತಿದೆ. ಮತ್ತೆ ಮತ್ತೆ ಪೊದೆಯ ಹಿಂದೆ ಓಡಬೇಕು. ಮೈಯೆಲ್ಲ ಹೇಸಿಗೆ, ನಿಂತರೆ ತಲೆ ಸುತ್ತು, ಲಿಂಗ ಕಟ್ಟಿದ ಶಿವದಾರ ಕೊರಳಿಂದ ಜಾರಿ ಎಲ್ಲಾದರೂ ಬಿದ್ದರೆ? ಜೊತೆಯಲ್ಲಿದ್ದವಳು ವಾರಗಿತ್ತಿ, ಗಂಡನ ತಮ್ಮನ ಹೆಂಡತಿ. ಅವಳ ಕೈಗೆ ಬಿಚ್ಚಿಕೊಟ್ಟು, “ಹಿಡ್ಕಂಡಿರೆ, ಬಂದೆ” ಅಂತ ಹೋಗಿದ್ದಷ್ಟೇ ನೆನಪು.

ಲಿಂಗ ಕಟ್ಟಿಕೊಂಡವರು ಅದನ್ನು ಮೈಮೇಲಿಂದ ತೆಗೆಯುವುದಿಲ್ಲ. ದಿನಾ ಎಡಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಿದ ಮೇಲೇ ನೀರು, ಊಟ. ಅವತ್ತು ಪೂಜೆ ಆಗಿರಲಿಲ್ಲ. ಈಗ ಲಿಂಗವೂ ಇಲ್ಲ. “ಅದು ಬರೋಗಂಟ ನನ್ ಬಾಯಿಗೆ ನೀರು ಹಾಕ್ಬ್ಯಾಡ್ರಿ” ಅಂದರು ಅಜ್ಜಿ. ಹಟದ ಧ್ವನಿಯಲ್ಲಿ ಅಲ್ಲ, ಬಾಗಿಲು ಹಾಕ್ಕೋ ಅಂತ ಮನೆಯವರಿಗೆ ಹೇಳುವಷ್ಟು ಸಹಜವಾಗಿ.

ನರ್ಸಮ್ಮ ದಾಸೋಹದ ಕಡೆ ಓಡಿ ಮಠದ ಒಬ್ಬ ಅಯ್ಯನವರನ್ನು ಕರೆತಂದರು. ವಯಸ್ಸಾದವರು, ಸೌಮ್ಯ ಮನುಷ್ಯ. ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು, “ತಾಯಿ, ಕಳೆದೋದ್ರೆ ಹೊಸದು ಕೊಡಬೌದು. ನಾನೇ ಕಟ್ತೀನಿ. ಪ್ರಾಣ ದೊಡ್ಡದು” ಅಂದರು.

“ಕಳೆದೋಗಿಲ್ಲ ಅಯ್ಯನೋರೆ. ವಾರಗಿತ್ತಿ ಕೈಲೈತೆ. ಇರೋದನ್ನ ಬಿಟ್ಟು ಇನ್ನೊಂದು ಕಟ್ಕಳಾಕೆ ಅದೇನು ಕುಬುಸಾನ?”

ಅಯ್ಯನವರು ನಕ್ಕುಬಿಟ್ಟರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ಸಲೈನ್ ಇರುವಷ್ಟು ಹೊತ್ತು ನನಗೆ ಧೈರ್ಯವಿತ್ತು. ಅದೂ ಹೋಯಿತು. ಮಗುವನ್ನು ಸೊಂಟದಲ್ಲಿ ಹಿಡಿದಿದ್ದ ಗಂಡನ ಹೆಗಲ ಮೇಲೆ ಒಬ್ಬ ಬಾಣಂತಿ ಬಂದಳು, ಪಲ್ಸೇ ಇಲ್ಲ, ತುಟಿ ನೀಲಿ. ಡೇರೆಯಲ್ಲಿ ಉಳಿದಿದ್ದದ್ದು ಅಜ್ಜಿಗೆ ಅಂತ ಎತ್ತಿಟ್ಟಿದ್ದ ಕೊನೆಯ ಬಾಟಲಿ. ನಾನು ಅದನ್ನು ಕೈಯಲ್ಲಿ ಹಿಡಿದು ಎರಡು ಮಂಚಗಳ ನಡುವೆ ನಿಂತೆ. ಅಜ್ಜಿ ಬಾಯಲ್ಲಿ ಕುಡಿಯಬಲ್ಲರು, ಕುಡಿಯುತ್ತಿಲ್ಲ. ಈ ಹುಡುಗಿ ಕುಡಿಯಲಾರಳು. ಪುಸ್ತಕದಲ್ಲಿ ಇದು ಕಷ್ಟದ ಪ್ರಶ್ನೆಯೇ ಅಲ್ಲ.

ಅಜ್ಜಿ ನೋಡುತ್ತಿದ್ದರು. “ಆ ಹುಡ್ಗೀಗೆ ಹಾಕವ್ವ. ಹಾಲು ಕೊಡೋಳು. ನಾನು ಕಾಯ್ತೀನಿ” ಅಂದರು.

ಹಾಕಿದೆ. ನರ್ಸಮ್ಮ ಪಿಸುಗುಟ್ಟಿದರು: “ಮೇಡಂ, ಅಜ್ಜಿಗೆ ಮತ್ತೆ ಭೇದಿ ಆಯ್ತು. ಸಾಯಂಕಾಲದವರೆಗೂ ತಡಿಯಲ್ಲ. ಕೈ ಹಿಡಿದು ಮೂಗಿಗೆ ನಳಿಗೆ ಹಾಕಿಬಿಡೋಣವಾ?” ಆಗಬಹುದಿತ್ತು. ನಮ್ಮ ಹತ್ತಿರ ರಬ್ಬರ್ ಟ್ಯೂಬ್ ಇತ್ತು, ಹಿಡಿಯಲು ಕೈಗಳಿದ್ದವು. ಆದರೆ ನನಗೆ ಆ ಗಳಿಗೆಯಲ್ಲಿ ನೆನಪಾದದ್ದು, ನಂಬುತ್ತೀರೋ ಇಲ್ಲವೋ, ನನ್ನ ಬೋರ್ಡಿಂಗ್ ಸ್ಕೂಲಿನ ಸಿಕ್‌ರೂಮ್.

ನಾನು ಕ್ಯಾಥೊಲಿಕ್ ಅಲ್ಲ. ಆದರೆ ಡಾರ್ಮಿಟರಿಯಲ್ಲಿ ನನ್ನ ಪಕ್ಕದ ಮಂಚದವಳು ಕ್ಯಾಥೊಲಿಕ್. ಅವಳ ಫಸ್ಟ್ ಕಮ್ಯೂನಿಯನ್, ಅಂದರೆ ಮೊದಲ ಸಲ ಚರ್ಚಿನ ಪ್ರಸಾದ ತೆಗೆದುಕೊಳ್ಳುವ ದಿನವೇ ಅವಳಿಗೆ ಸುಡುವ ಜ್ವರ. ಪ್ರಸಾದ ತೆಗೆದುಕೊಳ್ಳುವ ತನಕ ತೊಟ್ಟು ನೀರು ಕುಡಿಯುವುದಿಲ್ಲ ಅಂತ ಬಾಯಿ ಬಿಗಿಹಿಡಿದು ಮಲಗಿದ್ದಳು. ಆಗೆಲ್ಲ ಅವರಲ್ಲಿ ಆ ನಿಯಮ ಬಿಗಿಯಾಗಿತ್ತು. ಒಬ್ಬ ಟೀಚರ್ ಗದರಿದರು. ಸಿಕ್‌ರೂಮಿನ ಸಿಸ್ಟರ್ ಗದರಲಿಲ್ಲ. ತಮ್ಮ ಬಿಳಿ ಗೌನು ಎರಡೂ ಕೈಯಲ್ಲಿ ಎತ್ತಿಕೊಂಡು ಅಂಗಳ ದಾಟಿ ಓಡಿಹೋಗಿ, ಪಾದ್ರಿಗಳನ್ನು ಪೂಜೆ ಶುರುವಾಗುವ ಮುಂಚೆಯೇ ಪ್ರಸಾದದ ಸಮೇತ ಸಿಕ್‌ರೂಮಿಗೆ ಕರೆತಂದರು. ನಿಯಮವನ್ನೂ ಮುರಿಯಲಿಲ್ಲ, ಹುಡುಗಿಯನ್ನೂ ಮುರಿಯಲಿಲ್ಲ. ಆ ಬಿಳಿ ಗೌನು ಓಡಿದ್ದು ಇನ್ನೂ ನನ್ನ ಕಣ್ಣಲ್ಲಿದೆ.

“ಟ್ಯೂಬ್ ಕುದಿಸಿ ಇಟ್ಟಿರಿ” ಅಂದೆ ನರ್ಸಮ್ಮನಿಗೆ. “ಪ್ರಜ್ಞೆ ತಪ್ಪಿದರೆ ಹಾಕಲೇಬೇಕಾಗ್ತದೆ. ಅಷ್ಟರೊಳಗೆ ಆ ವಾರಗಿತ್ತಿನ ಹುಡುಕ್ತೀನಿ.”

ಇನ್ಸ್‌ಪೆಕ್ಟರಿಗೆ ಹೇಳಿದೆ. ಅವನು ಉತ್ಸಾಹದಿಂದ ಮೈಕು ಹಿಡಿದ. ಪಂಚನಹಳ್ಳಿ ಕಡೆಯ ಇಂಥ ಹೆಸರಿನವರು ಎಲ್ಲಿದ್ದರೂ ಕೂಡಲೇ ಸೂಜಿಮದ್ದಿನ ಡೇರೆಗೆ ಬಂದು ಡಾಕ್ಟರನ್ನು ಕಾಣತಕ್ಕದ್ದು! ಮತ್ತೆ ಕೂಗಿದ. ಮತ್ತೂ ಕೂಗಿದ. ಯಾರೂ ಬರಲಿಲ್ಲ.

“ಅವ್ಳು ಬರಲ್ಲ” ಅಂದರು ಅಜ್ಜಿ. “ಸೂಜಿ ಅಂದ್ರೆ ಸಾಯ್ತಾಳೆ. ಕಂಬ್ಳಿ ಹೊಲಿಯೋ ಸೂಜಿಗೆ ದಾರ ಪೋಣ್ಸಾಕೂ ನನ್ನೇ ಕರೀತಾಳೆ.”

ಜೀಪು ತೆಗೆದುಕೊಂಡು ನಾನೇ ಹೊರಟೆ. ಡ್ರೈವರ್ ಮೆಲ್ಲಗೆ ಓಡಿಸಿದ. ಬುತ್ತಿ ಬಿಚ್ಚಿ ಕೂತಿದ್ದ ಗುಂಪುಗಳ ಹತ್ತಿರ ನಿಲ್ಲಿಸಿ, “ಪಂಚನಹಳ್ಳಿ ಕಡೆಯೋರು ಯಾರಾದ್ರೂ?” ಅಂತ ಕೇಳುವುದು. ತಲೆ ಆಡಿಸುವವರೇ ಹೆಚ್ಚು. ಜೀಪಿನ ಮೇಲೆ ಬಿಳಿ ಅಕ್ಷರದಲ್ಲಿ ಆರೋಗ್ಯ ಇಲಾಖೆ ಅಂತ ಬರೆದಿತ್ತು. ಒಂದು ಹುಣಿಸೆ ತೋಪಿನ ಅಂಚಿನಲ್ಲಿ ಹೆಂಗಸರ ಗುಂಪೊಂದು ಕೂತಿತ್ತು. ನಾವು ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಮೈಕು ಗುಡುಗಿತು: “ಸೂಜಿಮದ್ದಿನ ಡೇರೆಗೆ...” ಆ ಹೆಂಗಸರು ಒಟ್ಟಿಗೇ ಎದ್ದರು. ಗಂಟು ತಲೆಗೇರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತೋಪಿನ ಒಳಕ್ಕೆ ಸರಿದುಬಿಟ್ಟರು. ಕೋಳಿ ಮೇಲೆ ಹದ್ದಿನ ನೆರಳು ಬಿದ್ದ ಹಾಗೆ.

ನಾನು ಜೀಪಿನಲ್ಲೇ ಕೂತಿದ್ದೆ. ಓ ಮೈ ಗಾಡ್, ಅಂದುಕೊಂಡೆ. ನಾವು ಕರೆಯುತ್ತಿಲ್ಲ, ಓಡಿಸುತ್ತಿದ್ದೇವೆ. ಬೆಳಗಿನಿಂದ ಆ ಮೈಕು ಹೇಳಿದ್ದು ಸೂಜಿಯ ಮಾತೊಂದೇ. ಈಗ ಅದೇ ಗಂಟಲು ಹೆಸರು ಹಿಡಿದು ಕೂಗಿದರೆ ಯಾರು ಬರುತ್ತಾರೆ?

ವಾಪಸು ಬಂದವಳೇ ಇನ್ಸ್‌ಪೆಕ್ಟರಿಗೆ ಹೇಳಿದೆ: “ಸೂಜಿ ಅನೌನ್ಸ್‌ಮೆಂಟ್ ನಿಲ್ಲಿಸ್ರಿ. ಗೇಟಿನಲ್ಲಿ ಸೂಜಿ ಹಾಕೋದನ್ನೂ ನಿಲ್ಲಿಸಿ. ಹಾಕಿಸ್ಕೋಬೇಕು ಅನ್ನೋರು ಬಂದರೆ ಮಾತ್ರ ಹಾಕಿ.”

ಅವನ ಮುಖ ಬಿಳಿಚಿಕೊಂಡಿತು. “ಮೇಡಂ, ಜಿಲ್ಲಾ ಆಫೀಸಿಂದ ಡಿಎಚ್‌ಒ ಸಾಹೇಬ್ರು ಇವತ್ತು ಇನ್ಸ್‌ಪೆಕ್ಷನ್ನಿಗೆ ಬರಬೌದು. ನನ್ ತಲೆ ಹೋಗ್ತದೆ.”

“ನಿಮ್ಮ ತಲೆ ಅಲ್ಲ. ನಂದು ಅಂತ ಹೇಳಿ.”

“ನಿಮ್ ತಲೆ ಹೋದ್ರೆ ನಮಗೆ ಇನ್ಯಾರು ಕಣ್ಣೀರಿನ ಪಾಠ ಮಾಡ್ತಾರೆ ಮೇಡಂ” ಅಂದ. ಆದರೆ ಮೈಕು ಆಫ್ ಮಾಡಿದ.

ಗುಡ್ಡದ ಬುಡ ಒಮ್ಮೆಗೇ ಸ್ತಬ್ಧವಾಯಿತು. ಸ್ಟೆರಿಲೈಸರಿನ ಸದ್ದು ಮಾತ್ರ ಕೇಳುತ್ತಿತ್ತು, ಕಟಕಟ. ಅದನ್ನೂ ಇಳಿಸಲು ಹೇಳಿದೆ.

ಮೈಕಿನ ವೈರು ಡೇರೆಯ ತನಕ ಎಟುಕಲಿಲ್ಲ. ಹಾಗಾಗಿ ನಾಲ್ವರು ಸ್ವಯಂಸೇವಕರು ಅಜ್ಜಿಯ ಮಂಚವನ್ನೇ ಎತ್ತಿಕೊಂಡು ಹುಣಿಸೆಮರದ ಕೆಳಗೆ ತಂದರು. ಮೇಲೆ ಒಬ್ಬ ಕೊಡೆ ಹಿಡಿದ. ಅಜ್ಜಿ ಮೈಕನ್ನೇ ದಿಟ್ಟಿಸಿದರು.

“ಇದ್ರೊಳಗೆ ಮಾತಾಡಿದ್ರೆ ಅವ್ಳಿಗೆ ಕೇಳ್ತೈತಾ?”

“ಇಡೀ ಗುಡ್ಡಕ್ಕೆ ಕೇಳ್ತದೆ ಅಜ್ಜಿ.”

“ಗುಡ್ಡ ತಗಂಡು ನಾನೇನು ಮಾಡ್ಲಿ” ಅಂದು, ಮೈಕಿಗೆ ತುಟಿ ಹಚ್ಚಿದರು. ಸ್ವರ ಇರಲೇ ಇಲ್ಲ, ಒಣಗಿದ ಎಲೆ ನೆಲಕ್ಕೆ ಉಜ್ಜಿದ ಹಾಗೆ ಉಸಿರು ಮಾತ್ರ. ಇವರ ಗಂಟಲನ್ನು ಹೆತ್ತ ಮಕ್ಕಳೂ ಗುರುತಿಸಲಾರರು ಅಂತ ನನಗೆ ಭಯವಾಯಿತು.

“ಲೇ... ನಾನು ಕಣೆ. ನಿಮ್ಮಕ್ಕ. ಎಲ್ಲಿ ಸತ್ತಿದ್ದೀಯೆ?”

ಸುತ್ತಲಿನವರು ಕಿಸಕ್ಕನೆ ನಕ್ಕರು.

“ಹುಳ್ಳಿ ಸಾರಿಗೆ ಎಲ್ಡೆಲ್ಡು ಸಲ ಉಪ್ಪು ಹಾಕೋಳೆ... ಹಸಾ ಕರೆಯಾಕೆ ಕುಂತು ನಿದ್ದೆ ಮಾಡೋಳೆ... ಕೇಳುಸ್ತೈತಾ? ಸೂಜಿ ಹಾಕಲ್ವಂತೆ. ಡಾಕ್ಟ್ರವ್ವ ಇಲ್ಲೇ ನಿಂತವ್ರೆ, ಮಾತು ಕೊಟ್ಟವ್ರೆ.” ಉಸಿರು ಸಾಲದೆ ನಿಲ್ಲಿಸಿದರು. ಇಷ್ಟು ಸಾಕೇನೋ ಅಂತ ನಾನು ಮೈಕು ತೆಗೆಯಲು ಕೈ ಚಾಚಿದೆ. ಬಿಡಲಿಲ್ಲ.

“ಬಾರೆ. ನಂಗೆ ಬಾಯಾರ್ತೈತೆ ಕಣೆ.”

ಆಮೇಲೆ ಯಾರೂ ನಗಲಿಲ್ಲ. ಗುಡ್ಡದ ಮೆಟ್ಟಿಲ ಮೇಲಿದ್ದವರು ಕೂಡ ತಿರುಗಿ ನಿಂತಿದ್ದು ಕೆಳಗಿಂದ ಕಾಣುತ್ತಿತ್ತು.

ಕಾದೆವು. ನಾನು ಅಜ್ಜಿಯ ಮಣಿಕಟ್ಟು ಬಿಡಲಿಲ್ಲ. ಪಲ್ಸ್ ಬೆರಳಿಗೆ ಸಿಗುತ್ತಿತ್ತು, ತಪ್ಪುತ್ತಿತ್ತು, ಮತ್ತೆ ಸಿಗುತ್ತಿತ್ತು. ನರ್ಸಮ್ಮ ಕುದಿಸಿದ ಟ್ಯೂಬನ್ನು ಟ್ರೇಯಲ್ಲಿ ಹಿಡಿದು ನನ್ನ ಹಿಂದೆ ಬಂದು ನಿಂತರು. ನನಗೆ ಗೊತ್ತಿದ್ದ ಎಲ್ಲ ಪ್ರಾರ್ಥನೆಗಳೂ ಇಂಗ್ಲಿಷಿನವು. ಅವನ್ನೇ ಹೇಳಿಕೊಂಡೆ.

ಜನ ತಾವಾಗಿ ದಾರಿ ಬಿಡುವುದು ಮೊದಲು ಕಂಡಿತು. ಆಮೇಲೆ ಆಕೆ ಕಂಡಳು. ಗಿಡ್ಡ, ತೆಳ್ಳನೆ ಹೆಂಗಸು, ಅವಳಿಗೂ ವಯಸ್ಸು ಕಡಿಮೆಯೇನಲ್ಲ, ತಲೆಗೂದಲು ಬಿಚ್ಚಿಹೋಗಿ, ಮುಳ್ಳಿಗೆ ಸಿಕ್ಕಿ ಸೀರೆ ಹರಿದು. ಓಡುತ್ತಿದ್ದಳು. ಬಲಗೈ ಬೀಸುತ್ತಿತ್ತು, ಎಡಗೈ ಮಾತ್ರ ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡಿದ್ದಳು. ಮಂಚದ ಹತ್ತಿರ ಬಂದು ನಿಂತಳು. ಮುಷ್ಟಿ ಮುಂದೆ ಚಾಚಿದಳು. ಬೆರಳು ಬಿಚ್ಚಲು ಆಗಲಿಲ್ಲ. ಅಷ್ಟು ಹೊತ್ತಿನಿಂದ ಹಿಡಿದು ಹಿಡಿದು ಮರಗಟ್ಟಿ ಹೋಗಿದ್ದವು. ನಾನೇ ಒಂದೊಂದೇ ಬೆರಳನ್ನು ತಿಕ್ಕಿ ಬಿಡಿಸಿದೆ. ಅಂಗೈಯಲ್ಲಿ ಬೆವರಿಗೆ ಒದ್ದೆಯಾದ ಬಟ್ಟೆಯ ಸುರುಳಿ, ಶಿವದಾರ, ಒಳಗೆ ಲಿಂಗ.

“ಸೂಜಿಗೆ ಹೆದರ್ಕಂಡು ಎಲ್ಲಿ ಅಡ್ಗಿದ್ಯೆ?” ಅಂದರು ಅಜ್ಜಿ.

“ಹೆದ್ರಿಕೆನಾ?” ಆಕೆಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. “ಪೊದೆ ಪೊದೆ ಹುಡುಕ್ದೆ ಕಣಕ್ಕ. ನೀನು ಸಿಗ್ಲಿಲ್ಲ. ಯಾರ್ನಾರ ಕೇಳನ ಅಂತ ಆ ಗೇಟಿನ ತಾವ್ಕೆ ಹೋದೆ. ನನ್ ಮಾತು ಕೇಳೋರಿಲ್ಲ. ಸಾಲಿಗೆ ನಿಲ್ಸಿದ್ರು. ಎಡಗೈ ಹಿಡ್ದು ಎಳೆದ್ರು, ಮುಷ್ಟಿ ಬಿಚ್ಚು, ಕೈ ಸಡ್ಲ ಬಿಡು ಅಂದ್ರು. ಬಿಚ್ಚಿದ್ರೆ ನೆಲಕ್ಕೆ ಬೀಳಲ್ವಾ? ನಿನ್ ಜೀವ ಕಣಕ್ಕ ಅದು. ಕೈ ಕಿತ್ಕಂಡು ಓಡಿದೆ. ಹೆದ್ರಿಕೆ ಅಂತೆ!”

ಇನ್ಸ್‌ಪೆಕ್ಟರ್ ಮೀಸೆ ಕೆಳಗೆ ತುಟಿ ಕಚ್ಚಿಕೊಂಡು ಗುಡ್ಡದ ಕಡೆ ನೋಡುತ್ತಿದ್ದ. ನಾವೆಲ್ಲ ಬೆಳಗಿನಿಂದ ಸೂಜಿಗೆ ಹೆದರಿ ಓಡುವ ಜನ ಅಂತ ಬೈದುಕೊಳ್ಳುತ್ತಿದ್ದೆವು. ಯಾರ ಮುಷ್ಟಿಯಲ್ಲಿ ಏನಿದೆ ಅಂತ ಯಾರೂ ಕೇಳಿರಲಿಲ್ಲ.

ಪೂಜೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನರ್ಸಮ್ಮ ಅಜ್ಜಿಯ ಮೈ ಒರೆಸಿ ಬೇರೆ ಸೀರೆ ಸುತ್ತಿದರು. ಅಯ್ಯನವರು ವಿಭೂತಿ ಕೊಟ್ಟರು. ಲಿಂಗದ ಮೇಲೆ ಹಾಕಿದ ನೀರನ್ನು ತೀರ್ಥವೆಂದು ಕುಡಿಯುವುದು ಅವರ ಪದ್ಧತಿ. ಹೊರಗಿನ ನೀರು ಯಾವುದೂ ಬೇಡ, ನಮ್ಮ ಕುದಿಸಿ ಆರಿಸಿದ ನೀರೇ ಆಗಬೇಕು ಅಂತ ನಾನು ಕೂಜಾ ಹಿಡಿದು ನಿಂತೆ. ಅಜ್ಜಿಗೆ ಎಡಗೈ ಎತ್ತಿ ಹಿಡಿಯುವ ಶಕ್ತಿ ಇರಲಿಲ್ಲ. ವಾರಗಿತ್ತಿ ಕೆಳಗಿನಿಂದ ತನ್ನ ಅಂಗೈ ಆನಿಸಿ ಹಿಡಿದಳು. ಬಂದ ನೀರು ಒಂದು ಗುಟುಕಷ್ಟೇ. ಅಜ್ಜಿ ಅದನ್ನು ಕುಡಿದು, ಲಿಂಗವನ್ನು ಕಣ್ಣಿಗೊತ್ತಿಕೊಂಡು, ಕೊರಳಿಗೆ ಕಟ್ಟಿಸಿಕೊಂಡರು.

“ಈಗ ಕೊಡವ್ವ ನಿನ್ನ ಅದೇನೈತೋ.”

ಓಆರ್‌ಎಸ್ ಲೋಟ ತುಟಿಗೆ ಹಿಡಿದೆ. ಮೊದಲ ಗುಟುಕಿಗೆ ಮುಖ ಕಿವುಚಿದರು. “ಥೂ, ಇದೇನೆ ಇದು. ಕಣ್ಣೀರಿದ್ದಂಗೈತೆ.”

ಸರಿಯಾಗಿ ಬೆರೆಸಿದ್ದೆವು ಅಂತಾಯಿತು. ಇನ್ಸ್‌ಪೆಕ್ಟರ್, “ಅಜ್ಜಿಗೆ ಗೊತ್ತಾಯ್ತು ನೋಡಿ ಮೇಡಂ” ಅಂದ.

ಕುಡಿಸುವುದು ಸುಮ್ಮನೆ ಕೆಲಸವಲ್ಲ. ಒಮ್ಮೆಗೇ ಕೊಟ್ಟರೆ ವಾಂತಿಯಾಗುತ್ತದೆ. ಚಮಚ ಚಮಚವಾಗಿ, ನಿಲ್ಲಿಸದೆ ಕೊಡುತ್ತಿರಬೇಕು. ಆ ಕೆಲಸ ವಾರಗಿತ್ತಿ ವಹಿಸಿಕೊಂಡಳು. ಚಮಚದ ಜೊತೆಗೆ ಬೈಗುಳ: “ಕುಡಿ, ಇನ್ನೊಂದ್ಕಿತ. ಹುಳ್ಳಿ ಸಾರಿನ ಸುದ್ದಿ ಊರಿಗೆಲ್ಲ ಸಾರ್ದಲ್ಲ, ಈಗ ಬಾಯಿ ತೆಗಿ.” ಮೊದಲೊಮ್ಮೆ ವಾಂತಿಯಾಯಿತು. ಕಾಯ್ದು ಮತ್ತೆ ಶುರುಮಾಡಿದಳು. ಹೊತ್ತು ಇಳಿಯುವಾಗ ಚಿಕ್ಕಮಗಳೂರಿನ ವ್ಯಾನು ಬಂದು ಮುಟ್ಟಿತು. ಬಾಣಂತಿಗೆ ಎರಡನೆಯ ಬಾಟಲಿ ಹಾಕಿದೆವು. ಅವಳು ಕಣ್ಣು ಬಿಟ್ಟು ಮಗು ಕೇಳಿದಳು. ಅಜ್ಜಿಗೆ ಬಾಟಲಿಯ ಅಗತ್ಯ ಬೀಳಲಿಲ್ಲ. ಸಂಜೆ ನರ್ಸಮ್ಮ ಬಂದು, “ಮೇಡಂ, ಅಜ್ಜಿಗೆ ಮೂತ್ರ ಆಯ್ತು” ಅಂದರು. ಡಾಕ್ಟರ್ ಅಲ್ಲದವರಿಗೆ ಇದು ನಗುವ ಮಾತು. ನಮಗೆ ಅದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ.

ಸೂಜಿ ನಿಲ್ಲಿಸಿದ್ದಕ್ಕೆ ಆಮೇಲೆ ನನಗೊಂದು ಮೆಮೊ ಬಂತು, ವಿವರಣೆ ಕೇಳಿ. ಆದದ್ದನ್ನು ಆದ ಹಾಗೇ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಆದರೆ ಅವತ್ತಿನಿಂದ ನನ್ನ ಕ್ಯಾಂಪುಗಳಲ್ಲಿ ಒಂದು ಪದ್ಧತಿ ಮಾಡಿದೆ. ತೋಳು ಹಿಡಿಯುವ ಮುಂಚೆ “ಯಾವ ಕೈಗೆ ಹಾಕಲಮ್ಮ?” ಅಂತ ಕೇಳಬೇಕು. ಸಾಲು ನಿಧಾನವಾಯಿತು ಅಂತ ಇನ್ಸ್‌ಪೆಕ್ಟರ್ ಗೊಣಗಿದ. ಓಡುವವರು ಕಡಿಮೆಯಾದರು ಅಂತ ಅವನೇ ಇನ್ನೊಂದು ದಿನ ಒಪ್ಪಿಕೊಂಡ.

ಮುಂದಿನ ವರ್ಷ ಗೇಟಿನಲ್ಲಿ ಇಬ್ಬರೂ ಕಂಡರು. ಅಜ್ಜಿ ವಾರಗಿತ್ತಿಯ ರಟ್ಟೆ ಹಿಡಿದು ತಂದು ನನ್ನ ಮುಂದೆ ನಿಲ್ಲಿಸಿದರು. ಆಕೆ ಕಣ್ಣು ಬಿಗಿಯಾಗಿ ಮುಚ್ಚಿ ಬಲತೋಳು ಚಾಚಿದಳು. ಸೂಜಿ ತಾಗಿದ್ದೇ, “ಅಯ್ಯಯ್ಯಪ್ಪೋ!” ಅಂತ ಗುಡ್ಡಕ್ಕೆ ಕೇಳುವ ಹಾಗೆ ಕಿರುಚಿಕೊಂಡಳು.

“ನೋಡ್ದಾ, ಹೆದ್ರಿಕೆ ಅಂದ್ರೆ ಒಪ್ಪಲ್ಲ” ಅಂದರು ಅಜ್ಜಿ ನನಗೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಕಡೂರಿಗೆ ವರ್ಗವಾಗಿದ್ದೆ. ಒಂದು ಬೆಳಿಗ್ಗೆ ಪಂಚನಹಳ್ಳಿಯಲ್ಲಿ ಮಕ್ಕಳ ಲಸಿಕೆ ಕ್ಯಾಂಪು. ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದಾಗ ಒಬ್ಬರು ಬಂದು, ಹತ್ತಿರದ ಊರಿನ ಇಂಥ ಮನೆಯ ಅಜ್ಜಿ ತೀರಿಕೊಂಡರು, ಅವರ ವಾರಗಿತ್ತಿ ‘ಡಾಕ್ಟ್ರವ್ವ ಬಂದವ್ರಂತೆ, ಕರ್ಕಂಡು ಬಾ’ ಅಂದ್ಲು, ಅಂದರು. ಜೀಪು ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಹೋಯಿತು.

ಪಡಸಾಲೆಯ ಗೋಡೆಗೆ ಒರಗಿಸಿ ಅಜ್ಜಿಯನ್ನು ಕೂರಿಸಿದ್ದರು. ಅವರಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ಹಣೆ ತುಂಬಾ ವಿಭೂತಿ, ಕೊರಳಲ್ಲಿ ಹೂವಿನ ಹಾರ, ಹಸಿರು ಸೀರೆ. ನಿದ್ದೆ ಬಂದೂ ಮಾತು ಕೇಳುತ್ತಾ ಕೂತವರ ಹಾಗೆ ಮುಖ. ಮಡಿಲಲ್ಲಿ ಎಡಗೈ ಅಂಗಾತ ಇತ್ತು. ಅಂಗೈಯಲ್ಲಿ ಲಿಂಗ. ಬೆರಳುಗಳನ್ನು ಅದರ ಸುತ್ತ ಮಡಿಸಿದ್ದರು.

ನಾನು ಕಾಲು ಮುಟ್ಟಿ ಪಕ್ಕದಲ್ಲಿ ಕೂತೆ. ವಾರಗಿತ್ತಿ ಕಂಬಕ್ಕೆ ಒರಗಿ ಕೂತಿದ್ದಳು, ಅಳುತ್ತಿರಲಿಲ್ಲ. ತನ್ನ ಖಾಲಿ ಎಡಗೈಯನ್ನು ಮಡಿಲಲ್ಲಿಟ್ಟು ನೋಡಿಕೊಳ್ಳುತ್ತಾ ಹೇಳಿದಳು:

“ಈ ಸಲ ನನ್ ಕೈಗೆ ಕೊಡ್ಲಿಲ್ಲ ನೋಡ್ರವ್ವ. ತಾನೇ ಹಿಡ್ಕಂಡು ಹೊಂಟ್ಳು.”